ಕೊಂಡಿ ತೆಗೆಯುವ ಮೊದಲು

ಸೀವುಡ್ಸ್‌ನ ನಮ್ಮ ಮನೆಯ ಬಾಗಿಲ ಕೊಂಡಿ ಮಳೆಗಾಲಕ್ಕೆ ತುಕ್ಕು ಹಿಡಿದು ಕಿರುಗುಟ್ಟುತ್ತಿತ್ತು. ಮೊನ್ನೆ ಅದಕ್ಕೆ ಎರಡು ಹನಿ ಕುಸುಬಿ ಎಣ್ಣೆ ಬಿಟ್ಟೆ. ಕೈ ಮೂಸಿದರೆ ಕಬ್ಬಿಣ, ಎಣ್ಣೆ ಎರಡೂ ಸೇರಿದ ವಾಸನೆ... ನಾನು ಚಿಕ್ಕವಳಿದ್ದಾಗ ಡೊಂಬಿವಲಿಯಲ್ಲಿ ಪಕ್ಕದ ಮನೆಯಲ್ಲಿದ್ದ ಮೌಶಿಯ ಕೈಗೆ ಇದೇ ವಾಸನೆ ಇತ್ತು.

ಮೌಶಿ ಎಂದರೆ ಚಿಕ್ಕಮ್ಮ. ನಮಗೇನೂ ನೆಂಟಳಲ್ಲ, ಸಾಲುಮನೆಗಳ ಇಡೀ ಚಾಳು ಅವಳನ್ನು ಹಾಗೆ ಕರೆಯುತ್ತಿತ್ತು. ವಿಜಯಪುರದ ಕಡೆಯವಳು, ಜೋಳದ ರೊಟ್ಟಿ ಬಡಿದು ಮಾರುತ್ತಿದ್ದಳು. ನಾವು ಉಡುಪಿ ಕಡೆಯವರು. ಅಪ್ಪ ಕಲ್ಯಾಣದ ಹೋಟೆಲಿನಲ್ಲಿ, ಅಮ್ಮ ಎಂಐಡಿಸಿಯ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ. ಶಾಲೆ ಬಿಟ್ಟು ಬಂದರೆ ಮನೆಯಲ್ಲಿ ನಾನೊಬ್ಬಳೇ.

ಮೊದಲ ದಿನ ಮೌಶಿ "ಒಳಗಿಂದ ಕೊಂಡಿ ಹಾಕ್ಕೋ ಅವ್ವಾ" ಎಂದಾಗ ಬೆಚ್ಚಿಬಿದ್ದೆ. ನಮ್ಮ ಮನೆಮಾತಿನಲ್ಲಿ ಬಾಗಿಲಿಗಿರುವುದು ಚಿಲಕ. ಕೊಂಡಿ ಇರುವುದು ಚೇಳಿಗೆ. ನಾನು ಮಂಚ ಹತ್ತಿ ನಿಂತದ್ದನ್ನು ಅವಳು ಚಾಳಿನ ತುಂಬ ಹೇಳಿಕೊಂಡು ನಕ್ಕಳು. ಆಮೇಲೆ ಕೂರಿಸಿಕೊಂಡು ಕಲಿಸಿದಳು: "ಯಾರರ ಬಾಗಲಾ ಬಡದ್ರ ಮೊದ್ಲ ಕಿಡಕ್ಯಾಗ ಇಣಿಕಿ ನೋಡು. ಎಲ್ಲಿಂದ ಬಂದಾರ ಕೇಳು. ತಿಳೀಲಿಲ್ಲಂದ್ರ ಗ್ವಾಡಿ ಬಡಿ, ನಾ ಬರ್ತೀನಿ."

ಒಂದು ಮಧ್ಯಾಹ್ನ ಅಪರಿಚಿತನೊಬ್ಬ ಬಾಗಿಲು ಬಡಿದ. ನಿನ್ನ ಅಪ್ಪನ ಕೈಗೆ ಬಿಸಿ ಎಣ್ಣೆ ಬಿದ್ದಿದೆ, ನಾನು ಹೋಟೆಲಿನವನು, ಬೇಗ ಬಾ ಎಂದು ಹಿಂದಿಯಲ್ಲಿ ಹೇಳಿದ. ನನ್ನ ಕೈ ಕೊಂಡಿಯ ಮೇಲೇ ಇತ್ತು. ಅಪ್ಪ ಎಂದ ಮೇಲೆ ತಡೆಯುವುದು ಹೇಗೆ... ಆದರೂ ಗೋಡೆ ಬಡಿದೆ. ಮೌಶಿ ಹಿಟ್ಟಿನ ಕೈಯಲ್ಲೇ ಬಂದಳು. ಅವನನ್ನು ಮೆಟ್ಟಿಲ ಮೇಲೆ ಕೂರಿಸಿ, ನೀರು ಕೊಟ್ಟು, ಎಲ್ಲವನ್ನೂ ವಿಚಾರಿಸಿದಳು. ಎದುರಿನ ಅಂಗಡಿಯಿಂದ ಹೋಟೆಲಿಗೆ ಫೋನ್ ಮಾಡಿಸಿದಳು. ಅವನು ಹೇಳಿದ್ದೆಲ್ಲ ನಿಜವಾಗಿತ್ತು.

ಕಲಸಿದ ಹಿಟ್ಟನ್ನು ಹಾಗೇ ಬಿಟ್ಟು ನನ್ನನ್ನು ಕರೆದುಕೊಂಡು ಕಲ್ಯಾಣದ ಲೋಕಲ್ ರೈಲು ಹತ್ತಿದಳು. ಅಪ್ಪನಿಗಾಗಿ ಅಳುತ್ತಿದ್ದವಳಿಗೆ ಇನ್ನೊಂದು ಅಳುವೂ ಸೇರಿತು: ನಿಜ ಹೇಳಿದವನನ್ನು ಹೊರಗೇ ನಿಲ್ಲಿಸಿದೆನಲ್ಲ. ಮೌಶಿ ಸೆರಗಿನಿಂದ ನನ್ನ ಮುಖ ಒರೆಸಿ ಹೇಳಿದಳು: "ನಿಲ್ಲಲಿ ಬಿಡು. ಖರೇ ಮಂದಿ ನಿಲ್ತಾರ. ಕೊಂಡಿ ತಗೀದಿದ್ರ ಪಾಪ ಬರೂದಿಲ್ಲವ್ವಾ."

ಅಪ್ಪನ ಕೈ ವಾಸಿಯಾಯಿತು. ಆ ಮಾತು ನನ್ನಲ್ಲೇ ಉಳಿಯಿತು.

ಈಗ ನನ್ನ ಹೊಟ್ಟೆಪಾಡು ಮೊಬೈಲ್ ಬ್ರೌಸರಿನ ವಿನ್ಯಾಸ. ಲಿಂಕಿನ ಮೇಲೆ ಬೆರಳು ಒತ್ತಿ ಹಿಡಿದರೆ ಪುಟ್ಟ ಮೆನುವೊಂದು ಬರುತ್ತದಲ್ಲ, ಅದರಲ್ಲಿ ಯಾವ ಸಾಲು ಮೇಲಿರಬೇಕು, ಯಾವುದು ಕೆಳಗೆ ಎಂದು ತಲೆ ಕೆಡಿಸಿಕೊಳ್ಳುವವಳು ನಾನು. ಕನ್ನಡದಲ್ಲಿ ಲಿಂಕಿಗೂ ಕೊಂಡಿ ಎನ್ನುತ್ತಾರೆ; ಮೌಶಿ ಕೇಳಿದ್ದರೆ ಇನ್ನೊಮ್ಮೆ ನಗುತ್ತಿದ್ದಳು. ನನ್ನ ಮೆನುವಿನ ಮೊದಲ ಸಾಲು 'ತೆರೆ' ಅಲ್ಲ, 'ಇಣುಕಿ ನೋಡು'. ಆಮೇಲೆ 'ಎಲ್ಲಿಂದ ಬಂದಿದೆ', 'ಯಾರಿಗಾದರೂ ತೋರಿಸು', 'ತೆರೆ'. ಕೊನೆಗೆ 'ಬೇಡ'.

ಆ 'ಬೇಡ'ಕ್ಕೆ ಆಫೀಸಿನಲ್ಲಿ ತಕರಾರು ಬಂತು. ಮೆನುವಿನ ಹೊರಗೆ ಎಲ್ಲಿ ಮುಟ್ಟಿದರೂ ಅದು ತಾನಾಗಿ ಹೋಗುತ್ತದೆ, ಒಂದು ಸಾಲು ದಂಡ ಎಂದರು. ಹೋಗುತ್ತದೆ, ನಿಜ. ಆದರೆ ಹೆದರಿದವರಿಗೆ ಬೇಡ ಎನ್ನಲು ಒಂದು ಜಾಗ ಬೇಕು. ಹಟಮಾರಿ ಅನ್ನಿಸಿಕೊಂಡೆ, ಸಾಲು ಉಳಿಯಿತು. ಕಳೆದ ವಾರ ಅಮ್ಮನಿಗೆ, ಇವತ್ತೇ ಕರೆಂಟು ಕಡಿಯುತ್ತೇವೆ, ಇಲ್ಲಿ ಒತ್ತಿ ಎಂಬ ಮೆಸೇಜು ಬಂದಿತ್ತು. ಲಿಂಕನ್ನು ಒತ್ತಿ ಹಿಡಿದು, ಕನ್ನಡಕ ಏರಿಸಿ ಮೆನುವಿನ ಸಾಲುಗಳನ್ನೆಲ್ಲ ಓದಿದ ಅಮ್ಮ 'ಬೇಡ' ಒತ್ತಿ ನನ್ನ ಕಡೆ ನೋಡಿದರು. "ಇದು ನಮ್ಮ ಮೌಶಿ ಹೇಳಿದ ಹಾಗೇ ಉಂಟಲ್ಲ ಮಗಾ" ಎಂದರು.

ಚಾಳು ಕೆಡವಿದ ಮೇಲೆ ಮೌಶಿ ದಿವಾ ಎಂಬ ಊರಿಗೆ ಹೋದಳು, ಅಲ್ಲೇ ತೀರಿಕೊಂಡಳು. ಇಂಥ ಫೋನನ್ನು ಅವಳು ಕೈಯಲ್ಲಿ ಹಿಡಿದವಳೇ ಅಲ್ಲ. ನನ್ನ ಅನ್ನಕ್ಕೆ ಅವಳ ಋಣವಿದೆ ಎಂದು ಒಮ್ಮೆಯಾದರೂ ಹೇಳಬೇಕಿತ್ತು... ಮೊನ್ನೆ ಕೊಂಡಿಗೆ ಎಣ್ಣೆ ಬಿಟ್ಟು ನಿಂತವಳು ಸುಮ್ಮನೆ ಪಕ್ಕದ ಗೋಡೆ ಬಡಿದೆ. ಈ ಮನೆಯ ಗೋಡೆಯಾಚೆ ಇರುವುದು ಲಿಫ್ಟು. ಅದು ಯಾರನ್ನೋ ಕರೆದುಕೊಂಡು ಕೆಳಗಿಳಿಯುತ್ತಿತ್ತು.