ಅರ್ಧ ಉಂಡ ಎಲೆ

ಅಂಕೋಲೆ ಕಡೆಯ ದೇವಸ್ಥಾನಗಳಲ್ಲಿ ಕಾವಿ ಚಿತ್ರ ಬರೆಯುತ್ತಿದ್ದವನನ್ನು ಹಾರವಾಡದ ಹತ್ತಿರದ ನಮ್ಮ ಇಗರ್ಜಿಗೂ ಪಾದ್ರಿಗಳು ಕರೆಸಿದ್ದರು. ಹಸಿ ಗಾರೆಗೆ ಕೆಮ್ಮಣ್ಣು ಬಳಿದು, ಕಡ್ಡಿಯಿಂದ ಗೀರಿ ಬಿಳಿ ಗೆರೆ ತೆಗೆಯುವ ಕೆಲಸ. ಬೆರಳ ಬೆನ್ನಿಂದ ಗೋಡೆಯ ತೇವ ನೋಡುತ್ತ, "ಏನಾದ್ರೂ ತಿದ್ದೂದಿದ್ರೆ ಗಾರೆ ಒಣಗೂದ್ರೊಳಗೆ ಹೇಳಿ" ಎನ್ನುತ್ತಿದ್ದ.

ಪಾದ್ರಿಗಳು ಕೊಟ್ಟದ್ದು ಇಟಲಿಯ ಹಳೆಯ ಭಿತ್ತಿಚಿತ್ರವೊಂದರ ಅಚ್ಚು: ಶಿಷ್ಯರೊಡನೆ ಯೇಸುವಿನ ಕೊನೆಯ ಊಟ. ಅವನು ಮೇಜು ತೆಗೆದು ಎಲ್ಲರನ್ನೂ ಬಾಳೆಲೆಯ ಮುಂದೆ ಪಂಕ್ತಿಯಲ್ಲಿ ಕೂರಿಸಿದ. ಶಿಷ್ಯರಿಗೆ ನಮ್ಮೂರಲ್ಲಿ ಬಲೆ ಎಳೆಯುವವರ ಮುಖ ಕೊಟ್ಟ. ಒಂದು ಎಲೆಯಲ್ಲಿ ಮಾತ್ರ ಅನ್ನ ಅರ್ಧ ಉಳಿದಿತ್ತು, ಅಲ್ಲಿ ಯಾರೂ ಕೂತಿರಲಿಲ್ಲ.

"ಯೇಸುವನ್ನು ಹಿಡಿದುಕೊಟ್ಟ ಯೂದ ಎಲ್ಲಿ?" ಎಂದರು ಪಾದ್ರಿಗಳು.

"ಪಂಕ್ತಿ ಮುಗಿಯೂಕೆ ಮೊದ್ಲೇ ಎದ್ದು ಹೋದ, ಪಾದ್ರಿಗಳೇ. ಮುಖ ಬೇಕಾದ್ರೆ, ಯಾರದ್ದು ಅಂತ ಗಾರೆ ಒಣಗೂದ್ರೊಳಗೆ ಹೇಳಿ."

ಆ ವರ್ಷ ಸತ್ಯಾಗ್ರಹದ ಉಪ್ಪು ಮಾಡಿದವರ ಹೆಸರನ್ನು ಊರಿನ ಯಾರೋ ಪೊಲೀಸರಿಗೆ ಕೊಟ್ಟಿದ್ದರು, ಯಾರೆಂದು ತಿಳಿದಿರಲಿಲ್ಲ. ಚಿತ್ರ ನೋಡಲು ಸೇರಿದ್ದ ನಾವು ಯಾರೂ ಬಾಯಿ ಬಿಡಲಿಲ್ಲ. ಗಾರೆ ಒಣಗಿತು.

ಮುಂದಿನ ರವಿವಾರ ಪೂಜೆಗೆ ಬಂದವರೆಲ್ಲ ಗೋಡೆಯಲ್ಲಿ ತಮ್ಮ ಮುಖ ಹುಡುಕಿದರು. ಸಿಗದವರು ಆ ಎಲೆಯ ಎದುರು ನಿಲ್ಲದೆ ಬೇಗ ದಾಟಿಕೊಂಡರು.