ತಾತ ಕಾಯಿಸಿದ ಗಿಟಾರು

ನಾನು ನಿಂತಿದ್ದದ್ದು ನಮ್ಮ ನಡುಮನೆಯ ಹೊಸಿಲಿನ ಮೇಲೆ. ಎಡಗಾಲು ಒಳಗಿತ್ತು, ಬಲಗಾಲು ಜಗುಲಿಯ ಕಡೆಗಿತ್ತು. ಎಂಬತ್ತರ ದಶಕದ ನಡುವಿನ ಒಂದು ಭಾನುವಾರ, ರಾಗಿ ಕೊಯ್ಲು ಮುಗಿದು ಮೆದೆ ಹಾಕಿದ ಮೇಲೆ. ಮಧ್ಯಾಹ್ನದ ಊಟವಾಗಿ ಸ್ವಲ್ಪ ಹೊತ್ತಾಗಿತ್ತು. ನನ್ನ ಎಡಕ್ಕೆ, ಒಳಗೋಡೆಯ ಗೂಡಿನಲ್ಲಿ, ಅಕ್ಕನ ಟೂ-ಇನ್-ಒನ್ ಇತ್ತು. ಕ್ಯಾಸೆಟ್ಟಿಗೆ ಹಾಡು ತುಂಬಬೇಕಾದರೆ ಅದರ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಬೇಕು. ಆ ಎರಡರ ಮೇಲೂ ನನ್ನ ಬೆರಳುಗಳಿದ್ದವು. ಅಲ್ಲಿಂದ ಒಳಗೆ ಕೂತಿದ್ದ ಅಜ್ಜಿಯೂ ಕಾಣುತ್ತಿದ್ದಳು, ಅಂಗಳದಲ್ಲಿದ್ದ ತಾತನೂ ಕಾಣುತ್ತಿದ್ದ. ಎರಡು ಕಡೆಯದನ್ನೂ ಕಂಡವನು ನಾನೊಬ್ಬನೇ ಆದ್ದರಿಂದ ಇದನ್ನು ನಾನೇ ಬರೆಯಬೇಕಾಗಿದೆ. ನಾನು ಆಗ ಮಧುಗಿರಿಯ ಕೋರ್ಟಿನಲ್ಲಿ ಟೈಪಿಸ್ಟಾಗಿದ್ದೆ. ಬೇರೆಯವರು ಕಂಡದ್ದನ್ನು ದಿನವಿಡೀ ಟೈಪು ಮಾಡುತ್ತಿದ್ದವನು ನಾನೇ ಏನಾದರೂ ಕಂಡದ್ದು ಆ ದಿನ.

ನಮ್ಮ ಊರು ಕೊರಟಗೆರೆ ತಾಲ್ಲೂಕಿನದು. ಹಿತ್ತಲಿಗೆ ಹೋದರೆ ಸಿದ್ದರಬೆಟ್ಟ ಕಾಣುತ್ತದೆ. ತಾತ ಉರುಮೆ ಬಾರಿಸುವವನು. ಉರುಮೆ ಎಂದರೆ ನಡು ಸಣ್ಣಗಾದ ಎರಡು ಮುಖದ ವಾದ್ಯ. ಒಂದು ಮುಖವನ್ನು ಬಗ್ಗಿದ ಕಡ್ಡಿಯಿಂದ ಉಜ್ಜಿದರೆ ಹೊಟ್ಟೆಯೊಳಗಿಂದ ಬಂದಂತೆ ಗುರುಗುಟ್ಟುತ್ತದೆ. ಊರಿನಲ್ಲಿ ಯಾರು ಸತ್ತರೂ, ಯಾವ ದೇವರು ಹೊರಟರೂ ನಮ್ಮ ಬೀದಿಯವರು ವಾದ್ಯ ಹೊತ್ತು ಮುಂದೆ ನಡೆಯಬೇಕಿತ್ತು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಬೀದಿಯ ಗಂಡಸರೆಲ್ಲ ಸೇರಿ, ಇನ್ನು ಮುಂದೆ ಯಾರ ಮನೆ ಮುಂದೆಯೂ ಬಾರಿಸುವುದಿಲ್ಲ ಎಂದು ತೀರ್ಮಾನ ಮಾಡಿದರು. ಪ್ರೈಮರಿ ಸ್ಕೂಲಿನ ಮೇಷ್ಟ್ರಾಗಿದ್ದ ಅಪ್ಪ ಆ ಸಭೆಯಲ್ಲಿ ಮಾತನಾಡಿದವನು. ತಾತ ಎಲ್ಲರಿಗಿಂತ ಮೊದಲು ಕೈ ಎತ್ತಿದವನು. ಆ ಮಾತಿಗೆ ಅವನು ಒಂದು ದಿನವೂ ಮರುಗಲಿಲ್ಲ. ಉರುಮೆ ಅಟ್ಟ ಸೇರಿತು, ಇಲಿಗಳು ಅದರ ಚರ್ಮ ತಿಂದವು. ಆಮೇಲೆ ತಾತನ ಬಲಗೈಯೂ ಸೋತಿತು.

ಆದರೆ ಉರುಮೆಯ ಜೊತೆ ಇನ್ನೊಂದೂ ನಿಂತುಹೋಗುತ್ತದೆಂದು ಸಭೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅದು ಅಜ್ಜಿಯ ಹಾಡು. ಅಜ್ಜಿ ಪಾವಗಡದ ಕಡೆಯಿಂದ ಮದುವೆಯಾಗಿ ಬಂದವಳು. ಅರ್ಧ ತೆಲುಗು, ಅರ್ಧ ಕನ್ನಡದ ಅವಳ ಪದಗಳು ನಮ್ಮ ಸೀಮೆಯಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ. ಅವನ್ನು ಅವಳು ಹಾಡುತ್ತಿದ್ದದ್ದು ತಾತನ ಉರುಮೆಯ ಮೇಲೆಯೇ. ಅಕ್ಕ ಒಮ್ಮೆ ಬರಿಗಂಟಲಲ್ಲಿ ಹಾಡಿಸಲು ನೋಡಿದಾಗ ಅಜ್ಜಿ ಎರಡು ನುಡಿ ಹೇಳಿ ನಿಲ್ಲಿಸಿದಳು. ಮೂರನೆಯದು ನೆನಪಿಗೆ ಬರಲಿಲ್ಲ. ಗೋಡೆ ನೋಡುತ್ತಾ ಕೂತವಳು, ಕೆಳಗೆ ಉರುಮೆಯ ಗುಂಗು ಇಲ್ಲದೆ ಪದ ಎದ್ದು ಬರುವುದಿಲ್ಲ ಎಂದಳು. ಅಕ್ಕನಿಗೆ ಹೆದರಿಕೆ ಹತ್ತಿದ್ದು ಅಂದೇ. ಪದಗಳು ಒಂದೊಂದಾಗಿ ಹೋಗುತ್ತಿದ್ದವು, ಹಿಡಿದಿಡಲು ಟೂ-ಇನ್-ಒನ್ ಮನೆಯಲ್ಲೇ ಇತ್ತು, ಗುಂಗು ಮಾತ್ರ ಇರಲಿಲ್ಲ.

ಉರುಮೆಗೆ ಹೊಸ ಚರ್ಮ ಹಾಕಿಸಿ ಬೀದಿಯ ಯಾರ ಕೈಲಾದರೂ ಬಾರಿಸೋಣ ಎಂದು ಅಕ್ಕ ಅಂದರೆ ಅಪ್ಪ ಒಪ್ಪಲಿಲ್ಲ. ಮನೆಯೊಳಗೆ ಒಂದು ಸಲ ಬಾರಿಸಿದರೂ ಮೇಷ್ಟ್ರ ಮನೆಯಲ್ಲೇ ಶುರುವಾಯಿತೆಂದು ಊರು ನಾಳೆಯೇ ಕರೆಯಲು ಬರುತ್ತದೆ ಎಂದ. ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಅಕ್ಕನ ಗಂಡ, ನಮ್ಮ ಭಾವ, ಹಾರ್ಮೋನಿಯಂ ತಂದರು, ಅಜ್ಜಿ ಎದ್ದು ಹೋದಳು. ಆಮೇಲೆ ತಾವು ನುಡಿಸುವ ಗಿಟಾರನ್ನೇ ತಂದರು.

"ಇದು ನೊಣ ಗುಯ್‌ಗುಟ್ಟಿದಂಗೈತಲ್ಲ ಅಳಿಮಯ್ಯ," ಅಂದಳು ಅಜ್ಜಿ.

ಭಾವ ಮಧುಗಿರಿಯವರು, ಮದುವೆಗಳಲ್ಲಿ ನುಡಿಸುವ ಆರ್ಕೆಸ್ಟ್ರಾದಲ್ಲಿದ್ದರು. ನೊಣ ಎಂದದ್ದು ಅವರಿಗೆ ನಾಟಿತು. ನಾಲ್ಕೇ ತಂತಿಯ, ಕೆಳದನಿಯ ಬೇಸ್ ಗಿಟಾರೊಂದನ್ನು ಮನೆಗೆಂದೇ ಕೊಳ್ಳೋಣ, ನಮ್ಮ ಕೈಗೆ ಎಟುಕುವಂಥದ್ದು ಶಿರಾದಲ್ಲಿ ಸಿಗುತ್ತದೆ ಎಂದರು. ಅಪ್ಪ, ಗಿಟಾರಿಗೆ ನನ್ನ ಅಡ್ಡಿಯಿಲ್ಲ, ಅದನ್ನು ಹೆಣದ ಮುಂದೆ ಬಾರಿಸು ಎಂದು ಯಾರೂ ಕರೆಯುವುದಿಲ್ಲ ಎಂದ.

ಹೀಗಾಗಿ ನಾನೂ ಭಾವನೂ ಶಿರಾಕ್ಕೆ ಹೋದೆವು. ಬ್ಯಾಂಡ್‌ಸೆಟ್ಟಿನವರ ವಾದ್ಯಗಳನ್ನು ಮಾರುವ, ರಿಪೇರಿ ಮಾಡುವ ಸಾಹೇಬರೊಬ್ಬರ ಅಂಗಡಿ ಅದು. ಸೂರಿನಿಂದ ಕ್ಲಾರಿನೆಟ್ಟುಗಳು ಸೋರೆಕಾಯಿಗಳಂತೆ ನೇತಾಡುತ್ತಿದ್ದವು. ಬೇಸ್ ಗಿಟಾರು ಎರಡಿದ್ದವು. ಒಂದು ಕೆಂಪು, ಕನ್ನಡಿಯಂತೆ ಹೊಳೆಯುವಂಥದ್ದು, ಭಾರ. ಇನ್ನೊಂದು ಕಂದು, ಕತ್ತು ಗಿಡ್ಡ, ತಂತಿ ಹಳೆಯದು, ಹಗುರ. ಕೆಂಪು ಸ್ಟೇಜಿಗೆ, ಕಂದು ಮನೆಗೆ, ನಿಮ್ಮ ಮರ್ಜಿ ಎಂದರು ಸಾಹೇಬರು. ಭಾವ ನೇಗಿಲ ಈಸಿನ ಮರ ನೆಟ್ಟಗಿದೆಯೇ ಎಂದು ನೋಡುವವರಂತೆ ಒಂದು ಕಣ್ಣು ಮುಚ್ಚಿ ಎರಡರ ಕತ್ತನ್ನೂ ಉದ್ದಕ್ಕೆ ನೋಡಿದರು, ಎರಡೂ ನೆಟ್ಟಗಿದ್ದವು. ಕತ್ತಿನ ಮೇಲಿನ ಪಟ್ಟಿಗಳ ನಡುವಿನ ಒಂದೊಂದು ಮನೆಯಲ್ಲೂ ತಂತಿ ಒತ್ತಿ ಮೀಟಿದರು. ಕೆಂಪು ಎಲ್ಲಿಯೂ ಗಿರಗುಟ್ಟಲಿಲ್ಲ. ಕಂದು ಮೇಲಿನ ಕೊನೆಯಲ್ಲಿ ಎರಡು ಕಡೆ ಗಿರಗುಟ್ಟಿತು. ಅಜ್ಜಿಯ ಪದಗಳು ಅಷ್ಟು ಮೇಲಕ್ಕೆ ಹೋಗುವುದಿಲ್ಲ ಎಂದು ನಾನು ಹೇಳಿದೆ. ಇಂಥ ಗಿಟಾರಿನ ಸದ್ದು ಕರೆಂಟಿಲ್ಲದೆ ಹೊರಗೆ ಕೇಳುವುದಿಲ್ಲ, ಅಂಗಡಿಯಲ್ಲಿ ಕರೆಂಟಿರಲಿಲ್ಲ. ನಾವು ಒಬ್ಬರಾದ ಮೇಲೊಬ್ಬರು ಮರಕ್ಕೆ ಕಿವಿ ಒತ್ತಿಕೊಂಡು ಕೇಳಿದೆವು. ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು.

ಭಾವನಿಗೆ ಮನಸ್ಸು ಕೆಂಪಿನ ಮೇಲಿತ್ತು. ಅದು ಆರ್ಕೆಸ್ಟ್ರಾಕ್ಕೂ ಆಗುತ್ತದೆ ಎಂದು ದಾರಿಯಲ್ಲೇ ಎರಡು ಸಲ ಹೇಳಿದ್ದರು. ಕಡೆಗೆ ಸಾಹೇಬರೇ, ಎರಡನ್ನೂ ಒಯ್ಯಿರಿ, ಹಾಡುವವರ ಮುಂದೆ ನುಡಿಸಿ, ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಕೊಟ್ಟ ಹಾಗೆಯೇ ತಂದುಕೊಡಿ ಎಂದರು. ಬಸ್ಸಿನಲ್ಲಿ ಪಕ್ಕದ ಮುದುಕ ಬೆಡ್‌ಶೀಟು ಸುತ್ತಿದ್ದ ಎರಡನ್ನೂ ಬಹಳ ಹೊತ್ತು ನೋಡಿ, ಔಷಧಿ ಹೊಡೆಯೋ ಮಿಷನ್ನಾ, ಕಡಲೆಗೋ ಟೊಮೇಟೊಗೋ ಎಂದು ಕೇಳಿದ. ಭಾವ, ಅಜ್ಜಿಗೆ ಎಂದರು. ಮುದುಕ ಎದ್ದು ಬೇರೆ ಸೀಟು ಹುಡುಕಿಕೊಂಡ.

ಇನ್ನು ಆ ಭಾನುವಾರ. ಗಿಟಾರಿನ ಸದ್ದು ಹೊರಡಿಸಲು ಬೇರೆ ಪೆಟ್ಟಿಗೆ ಕೊಳ್ಳುವ ಶಕ್ತಿ ನಮಗಿರಲಿಲ್ಲ. ಅಪ್ಪನ ಹಳೆಯ ವಾಲ್ವ್ ರೇಡಿಯೋದ ಬೆನ್ನಿಗೆ ಗ್ರಾಮಫೋನಿನ ವೈರು ಸಿಕ್ಕಿಸುವ ತೂತುಗಳಿದ್ದವು. ಭಾವ ಗಿಟಾರಿನ ವೈರನ್ನು ಅಲ್ಲಿಗೆ ಸೇರಿಸಿದರು. ರೇಡಿಯೋ ಸದ್ದು ಮಾಡಬೇಕು, ಅಜ್ಜಿ ಹಾಡಬೇಕು, ಎರಡನ್ನೂ ಗೂಡಿನಲ್ಲಿದ್ದ ಟೂ-ಇನ್-ಒನ್ ಕೇಳಿಸಿಕೊಳ್ಳಬೇಕು. ವಾಲ್ವುಗಳು, ಅಂದರೆ ಒಳಗಿನ ಗಾಜಿನ ಬುರುಡೆಗಳು, ಕಾದ ಮೇಲೆಯೇ ಅದಕ್ಕೆ ದನಿ ಬರುವುದು. ತಾತ ರೇಡಿಯೋದ ಹಿಂದೆ ಕೆಂಪಗಾಗುತ್ತಿದ್ದ ಬುರುಡೆಗಳನ್ನು ಬಗ್ಗಿ ನೋಡುತ್ತಿದ್ದ.

ಭಾವ ಮೊದಲು ಕೆಂಪನ್ನು ನುಡಿಸಿದರು. ಮರದ ಪೆಟ್ಟಿಗೆ ನಡುಗಿತು. ರೇಡಿಯೋದ ಮೇಲೆ ಅಪ್ಪ ಇಟ್ಟಿದ್ದ ಕನ್ನಡಕದ ಡಬ್ಬಿ ತನ್ನಷ್ಟಕ್ಕೆ ಸರಿದು ಅಂಚಿಗೆ ಬಂತು. ಅಕ್ಕ ನಕ್ಕಳು. ಅಜ್ಜಿ ತಲೆ ಬಾಗಿಸಿ ಪೂರ್ತಿ ಕೇಳಿದಳು.

"ಸದ್ದೇನೋ ಐತೆ. ಆದ್ರೆ ಅದರ ಪಾಡಿಗೆ ಅದು ಹೊಂಟೋಯ್ತದೆ. ನಾನೇನು ಅದರ ಹಿಂದ್ಗುಟ್ಟೆ ಓಡ್ಲಾ?"

ಕಂದು ಬಂತು. ಹಳೆಯ ತಂತಿಗಳ ದನಿ ಮಂಕಾಗಿತ್ತು. ಇದು ಪರವಾಗಿಲ್ಲ, ಮುಲುಗುತ್ತದೆ ಎಂದಳು. ಎಂದವಳು ಚೀಲ ಬಿಚ್ಚಿ ಎಲೆಗೆ ಸುಣ್ಣ ಸವರಿ, ಅಡಿಕೆ ಸೇರಿಸಿ ಬಾಯಿಗೆ ಹಾಕಿಕೊಂಡಳು. ನಮ್ಮ ಮನೆಯಲ್ಲಿ ಅದರ ಅರ್ಥ ಎಲ್ಲರಿಗೂ ಗೊತ್ತಿತ್ತು. ಎಲೆ ಬಾಯಿಗೆ ಹೋಯಿತೆಂದರೆ ಇವತ್ತಿಗೆ ಹಾಡು ಇಲ್ಲ. ಅಕ್ಕ ಕಾಫಿ ಮಾಡಲು ಒಳಗೆ ಹೋದಳು, ಅವ್ವ ಅವಳ ಹಿಂದೆ ಹೋದಳು. ಭಾವ ವೈರು ಬಿಚ್ಚಿ ಕೆಂಪಿಗೆ ಬೆಡ್‌ಶೀಟು ಸುತ್ತತೊಡಗಿದರು. ಕಂದು ಮಂಚದ ಮೇಲಿತ್ತು. ನಾನು ಹೊಸಿಲಿಗೆ ಬಂದು ನಿಂತೆ. ಕೈ ಗುಂಡಿಗಳ ಮೇಲೆ ಯಾಕಿತ್ತೋ ಹೇಳಲಾರೆ, ಇತ್ತು.

ತಾತ ಮಂಚದ ಹತ್ತಿರ ಬಂದ. ಎಡಗೈಯೊಂದರಲ್ಲೇ ಎತ್ತಬಲ್ಲದ್ದು ಹಗುರದ ಕಂದು ಮಾತ್ರ. ಅದನ್ನು ಬಗಲಿಗೆ ಸಿಕ್ಕಿಸಿಕೊಂಡು ನನ್ನನ್ನು ಪಕ್ಕಕ್ಕೆ ಸರಿಸಿ ಅಂಗಳಕ್ಕೆ ಇಳಿದ. ಬೀದಿಯ ಕಡೆಯ ಗೋಡೆಯ ಪಕ್ಕ ಒಂದು ಹಿಡಿ ರಾಗಿಹುಲ್ಲು ಎಳೆದು ಹಾಕಿ ಕಡ್ಡಿ ಗೀರಿದ. ಹುಲ್ಲು ಭಗ್ಗೆಂದು ಹತ್ತಿಕೊಂಡಿತು. ತಾತ ಗಿಟಾರಿನ ಹೊಟ್ಟೆಯನ್ನು ಉರಿಯ ಮೇಲೆ ಹಿಡಿದು ನಿಧಾನವಾಗಿ ಆಡಿಸತೊಡಗಿದ. ಬಾರಿಸುವ ಮುಂಚೆ ಉರುಮೆಯ ಚರ್ಮ ಬಿಗಿಯಾಗಲೆಂದು ಅವನು ಹೀಗೆ ಕಾಯಿಸುತ್ತಿದ್ದದ್ದನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ನೋಡಿ ಅಭ್ಯಾಸವಾಗಿದ್ದರಿಂದಲೇ ಇರಬೇಕು, ನನಗೆ ಅದರಲ್ಲಿ ತಪ್ಪೇನೂ ಕಾಣಿಸಲಿಲ್ಲ. ಪಾಲಿಶು ಕಮಟಿದ ವಾಸನೆ ಬಂದಾಗಲೇ ನನಗೆ ಎಚ್ಚರವಾದದ್ದು. ಅಷ್ಟರಲ್ಲಿ ಭಾವ ನನ್ನನ್ನು ದಾಟಿ ಓಡಿದ್ದರು.

"ತಾತಾ, ಅದು ಮರ. ಚರ್ಮ ಅಲ್ಲ."

ತಾತ ಅವರನ್ನು ನೋಡಿದ. "ಕಾಯಿಸ್ದೆ ಯಾವುದು ಮಾತಾಡ್ತದೆ ಅಳಿಮಯ್ಯ? ನಿನ್ನ ರೇಡಿಯೋನೇ ಕಾದಮ್ಯಾಕೆ ತಾನೆ ಬಾಯಿ ಬುಟ್ಟಿದ್ದು."

ಭಾವ ಗಿಟಾರು ಕಸಿದುಕೊಂಡು ತಿರುಗಿಸಿದರು. ಹೊಟ್ಟೆಯ ಮೇಲಿನ ಪಾಲಿಶು ಅಂಗೈಯಗಲ ಬೊಬ್ಬೆ ಎದ್ದಿತ್ತು. ಕೊಟ್ಟ ಹಾಗೆಯೇ ತರಬೇಕೆಂದ ಸಾಹೇಬರ ಮಾತು ಇಬ್ಬರಿಗೂ ಒಟ್ಟಿಗೆ ನೆನಪಾಯಿತು. ಯಾವುದನ್ನು ಕೊಳ್ಳಬೇಕೆಂಬ ಪ್ರಶ್ನೆ ಅಲ್ಲಿಗೆ ಮುಗಿದಿತ್ತು.

ಆಗ ನನ್ನ ಎಡಕ್ಕೆ, ಒಳಗೆ, ಏನೋ ಅಲುಗಿತು. ಹುಲ್ಲಿನ ಹೊಗೆ ನಡುಮನೆಗೆ ಬಂದಿತ್ತು. ಅಜ್ಜಿ ಮೂಗೇರಿಸಿ ಒಮ್ಮೆ ಉಸಿರೆಳೆದಳು. ಎದ್ದಳು. ನನ್ನ ಪಕ್ಕದಲ್ಲೇ ಹಾದು ಜಗುಲಿಯ ಅಂಚಿಗೆ ಹೋಗಿ ಬಾಯಲ್ಲಿದ್ದ ಎಲೆಯನ್ನು ಉಗಿದಳು. ಚೊಂಬಿನ ನೀರಿನಲ್ಲಿ ಬಾಯಿ ಮುಕ್ಕಳಿಸಿದಳು. ಮತ್ತೆ ಒಳಗೆ ಹೋಗಿ ಗೋಡೆಗೆ ಒರಗದೆ ನೆಟ್ಟಗೆ ಕೂತಳು.

"ಊದ್ಕಂಡಿರೋ ಮುಖ ಸಾಕು, ಬಾ ಅಳಿಮಯ್ಯ, ಕೂತ್ಕ. ನಾನು ಹೋದ ಕಡೀಕೆ ಬಂದ್ರೆ ಆಯ್ತು."

ಭಾವ ಕಂದು ಗಿಟಾರಿಗೆ ವೈರು ಸಿಕ್ಕಿಸಿ ಕೂತರು. ತಾತ ಅಜ್ಜಿಯ ಎದುರಿಗೆ ಕೂತು ಎಡಗೈಯನ್ನು ಮೊಣಕಾಲಿನ ಮೇಲಿಟ್ಟುಕೊಂಡ. ಅಜ್ಜಿ ಹೇಳದೆ ಕೇಳದೆ ಶುರುಮಾಡಿದಳು. ನಾನು ಗುಂಡಿ ಒತ್ತಿದೆ. ಮೊದಲ ಪದದ ಮೊದಲ ಅಕ್ಷರ ಕ್ಯಾಸೆಟ್ಟಿನಲ್ಲಿಲ್ಲ, ಎರಡನೆಯದರಿಂದ ಎಲ್ಲವೂ ಇದೆ.

ಭಾವ ಈ ಸಲ ಆರ್ಕೆಸ್ಟ್ರಾದವರ ಹಾಗೆ ನುಡಿಸಲಿಲ್ಲ. ಸಾಹೇಬರ ಹೆದರಿಕೆಯಲ್ಲಿ ಅವರಿಗೆ ತಮ್ಮ ವಿದ್ಯೆಯೆಲ್ಲ ಮರೆತಿತ್ತೋ ಏನೋ. ಕೆಳಗಿನ ಒಂದೇ ತಂತಿಯ ಮೇಲೆ ಬೆರಳನ್ನು ಜಾರಿಸುತ್ತಾ, ಅಜ್ಜಿಯ ಹಿಂದೆ ಹಿಂದೆಯೇ ಹೋದರು. ಅವರು ನೋಡುತ್ತಿದ್ದದ್ದು ಅಜ್ಜಿಯನ್ನಲ್ಲ, ತಾತನ ಎಡಗೈಯನ್ನು. ಅದು ಮೊಣಕಾಲಿನ ಮೇಲೆ ಮುಂದಕ್ಕೆ ಉಜ್ಜಿದಾಗ ಭಾವನ ಬೆರಳೂ ಜಾರುತ್ತಿತ್ತು, ನಿಂತಾಗ ನಿಲ್ಲುತ್ತಿತ್ತು. ಮೂರನೆಯ ನುಡಿ ಬಂತು. ಅಕ್ಕ ಕಾಫಿಯ ಲೋಟ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಆ ನುಡಿ ಮುಗಿಯುವವರೆಗೂ ಅವಳು ಕಣ್ಣು ಮಿಟುಕಿಸಿದ್ದನ್ನು ನಾನು ಕಾಣೆ.

ಅಷ್ಟರಲ್ಲಿ ರೇಡಿಯೋದ ಮೇಲಿನ ಕನ್ನಡಕದ ಡಬ್ಬಿ ಟಕಟಕ ಎನ್ನತೊಡಗಿತು. ಅದೂ ಕ್ಯಾಸೆಟ್ಟಿಗೆ ಹೋಗುತ್ತಿತ್ತು. ನಾನು ಜಾಗ ಬಿಡುವಂತಿರಲಿಲ್ಲ. ಮೂಲೆಯಲ್ಲಿ ಪೇಪರು ಓದುತ್ತಿದ್ದ ಅಪ್ಪ ಎದ್ದು ಬಂದ. ಬೈಯುತ್ತಾನೆಂದುಕೊಂಡೆ. ಅವನು ಡಬ್ಬಿ ತೆಗೆದು ಜೇಬಿಗೆ ಹಾಕಿಕೊಂಡ. ರೇಡಿಯೋದ ಮುಂದಿನ ಸಡಿಲವಾದ ಗಾಜೂ ಅಲುಗುತ್ತಿತ್ತು, ಅದರ ಮೇಲೆ ಅಂಗೈ ಒತ್ತಿ ಹಿಡಿದ. ಕ್ಯಾಸೆಟ್ಟಿನ ಆ ಬದಿ ಮುಗಿಯುವವರೆಗೆ ಹಾಗೆಯೇ ನಿಂತಿದ್ದ. ಪೆಟ್ಟಿಗೆ ಗುರುಗುಟ್ಟಿದಾಗಲೆಲ್ಲ ಅವನ ಕೈ ಮೊಣಕೈವರೆಗೆ ನಡುಗುತ್ತಿತ್ತು.

ಸಂಜೆಗೆ ಬೀದಿಯ ಹಿರಿಯರಿಬ್ಬರು ಬಂದರು. ಉರುಮೆ ಇಳಿಸಿದ್ರಂತಲ್ಲ ಮೇಷ್ಟ್ರೆ, ಎಂದು ಕೇಳಿದರು. ಎದುರುಮನೆಯ ಚಿಕ್ಕವ್ವ ಗೋಡೆಯಾಚೆಯಿಂದ ಹುಲ್ಲಿನ ಹೊಗೆ ಏಳುವುದನ್ನು ನೋಡಿದ್ದಳು. ಆಮೇಲೆ ಗುರುಗುಟ್ಟಿದ್ದು ಕೇಳಿದ್ದಳು. ಮೊದಲು ಹೊಗೆ, ಆಮೇಲೆ ಗುಂಗು, ಇನ್ನೇನು ಇರಲು ಸಾಧ್ಯ? ಅಪ್ಪ ಅವರನ್ನು ಒಳಗೆ ಕರೆದು ಬೊಬ್ಬೆ ಎದ್ದ ಗಿಟಾರನ್ನು ಕೈಗೆ ಕೊಟ್ಟ, ಕ್ಯಾಸೆಟ್ಟು ಹಾಕಿಸಿದ. ಅವರು ಇಡೀ ಬದಿ ಕೇಳಿ, ಮತ್ತೊಂದು ಸಲ ಹಾಕಿ ಎಂದರು.

ಕೆಂಪನ್ನು ಶಿರಾಕ್ಕೆ ಒಯ್ದು ಕೊಟ್ಟಾಗ ನಡೆದದ್ದನ್ನು ಮುಚ್ಚಿಡದೆ ಹೇಳಿದೆವು. ಸಾಹೇಬರು ಟೋಪಿ ತೆಗೆದು ತಲೆ ಒರೆಸಿಕೊಂಡು ಕೇಳಿದರು.

"ಅರೆ ಭಾಯ್, ನಾನು ಕೊಟ್ಟಿದ್ದು ಗಿಟಾರು. ನೀವು ಕಬಾಬು ಮಾಡಿದ್ರಾ?"

ಅಜ್ಜಿ ಆ ಚಳಿಗಾಲದಲ್ಲಿ ಇನ್ನೂ ಕೆಲವು ಕ್ಯಾಸೆಟ್ಟು ತುಂಬುವಷ್ಟು ಹಾಡಿದಳು. ಪ್ರತಿ ಸಲವೂ ಅಕ್ಕ ಅಂಗಳದಲ್ಲಿ ಹುಲ್ಲು ಹೊತ್ತಿಸುತ್ತಿದ್ದಳು. ಗಿಟಾರನ್ನು ಮಾತ್ರ ಒಳಗೇ ಇಡುತ್ತಿದ್ದೆವು.

ಅಜ್ಜಿ, ತಾತ, ಅಪ್ಪ ಈಗಿಲ್ಲ. ಅಂದು ಇದ್ದವರಲ್ಲಿ ಅವ್ವ ಇದ್ದಾಳೆ. ಅವಳು ಒಲೆಯ ಮುಂದಿದ್ದದ್ದರಿಂದ ಕೇಳಿದ್ದಾಳೆ, ಕಂಡಿಲ್ಲ. ಮಧುಗಿರಿಯಲ್ಲಿ ಅಕ್ಕ ಮತ್ತು ಭಾವ ಇದ್ದಾರೆ. ಕಂದು ಗಿಟಾರು ಅವರ ಮನೆಯಲ್ಲಿದೆ, ತಂತಿ ಬದಲಾಗಿದೆ, ಬೊಬ್ಬೆ ಹಾಗೆಯೇ ಇದೆ. ಎದುರುಮನೆಯ ಚಿಕ್ಕವ್ವನೂ ಇದ್ದಾಳೆ. ಹೋದ ಸಲ ಊರಿಗೆ ಹೋದಾಗ ಅವಳ ಜಗುಲಿಯಲ್ಲಿ ಕೂತು ಇದನ್ನೆಲ್ಲ ಮೊದಲಿನಿಂದ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು.

"ನೀನು ಓದ್ದೋನು, ಇಂಗೆ ಅಂದ್ರೆ ಇಂಗೆ, ಅಂಗೆ ಅಂದ್ರೆ ಅಂಗೆ," ಅಂದಳು. "ನಾನು ಕಿವಿಯಾರೆ ಕೇಳಿವ್ನಿ. ಅದು ನಿಮ್ಮ ತಾತನ ಉರುಮೇನೆ ಕಣ್ಲಾ."