ಅವ್ವನ ಪಿನ್ನು ನಿಂತ ಅಧ್ಯಾಯ

ಆಗ ಸಿರಿಗೇರಿಯ ನಮ್ಮ ಮನೆಯಲ್ಲಿ ಬೈಬಲ್ ಓದದೆ ಚಾ ಸೋಸುತ್ತಿರಲಿಲ್ಲ. ಒಲೆಯ ಮೇಲೆ ಚಾ ಕುದಿಯುತ್ತಿತ್ತು, ಶುಂಠಿಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ಅವ್ವ ಮಾತ್ರ ಒಂದು ಅಧ್ಯಾಯ ಓದಿ ಮುಗಿಸುವವರೆಗೆ ಚಾಪೆ ಬಿಟ್ಟು ಏಳುತ್ತಿರಲಿಲ್ಲ. ಬೇಕಾದದ್ದನ್ನು ಆರಿಸಿ ಓದುವ ಪದ್ಧತಿ ನಮ್ಮದಲ್ಲ. ನಿನ್ನೆ ನಿಂತಲ್ಲಿಂದ ಇವತ್ತು. ನಿಂತ ಜಾಗಕ್ಕೆ ಅವ್ವ ತನ್ನ ಕೂದಲ ಪಿನ್ನು ಸಿಕ್ಕಿಸುತ್ತಿದ್ದಳು. ಅಜ್ಜಿಗೆ ಓದು ಬರುತ್ತಿರಲಿಲ್ಲ, ಕೇಳಿ ಕೇಳಿಯೇ ನಂಬಿದವಳು. ಕೊನೆಯ ಪ್ರಾರ್ಥನೆ ಅವಳದು. ಅಷ್ಟು ಹೊತ್ತು ಮಾತ್ರ ತನ್ನ ತವರಿನ ತೆಲುಗಿಗೆ ಹೊರಳುತ್ತಿದ್ದಳು.

ನಾನು ನಾಲ್ಕನೆಯ ಕ್ಲಾಸಿನಲ್ಲಿದ್ದ ವರ್ಷ, ಭತ್ತದ ನಾಟಿಯ ಕಾಲ. ಕಾಲುವೆಗೆ ನೀರು ಬಂದಿತ್ತು. ನಾವು ಹುಡುಗಿಯರು ದಂಡೆಯ ಮೇಲೆ ಕೆಸರಿನ ರೊಟ್ಟಿ ತಟ್ಟಿ ಆಡುತ್ತಿದ್ದಾಗ ಗದ್ದೆಯಿಂದ ಅವ್ವನನ್ನು ಹೊತ್ತು ತಂದರು.

"ಹುಳ ಮುಟ್ಟೈತಿ," ಎಂದರು ಯಾರೋ. ಹಾವು ಕಚ್ಚಿದರೆ ನಮ್ಮಲ್ಲಿ ಅದರ ಹೆಸರು ಹೇಳುವುದಿಲ್ಲ.

ಅವ್ವನ ರೆಪ್ಪೆಗಳು ತಾವಾಗಿಯೇ ಇಳಿಯುತ್ತಿದ್ದವು. ಅಪ್ಪ ಟಂಟಂ ಆಟೋ ಹತ್ತಿಸುವಾಗ ತೊದಲುತ್ತ ಹೇಳಿದಳು: "ಸುಗುಣಾ, ಓದೋದು ಬಿಡಬ್ಯಾಡ." ಸಿರುಗುಪ್ಪದಲ್ಲಿ ಸೂಜಿ ಹಾಕಿ, ಅಲ್ಲಿಂದ ಬಳ್ಳಾರಿಗೆ ಕಳಿಸಿದರಂತೆ.

ಮರುದಿನ ಬೆಳಿಗ್ಗೆ ಪಿನ್ನು ಇದ್ದಲ್ಲಿ ತೆರೆದೆ. ಯೇಸುವನ್ನು ತೋಟದಲ್ಲಿ ಹಿಡಿದು ಒಯ್ಯುವ ಅಧ್ಯಾಯ. ಓದಿ ಮುಗಿಸಿ ಹಾಳೆ ತಿರುವಿದೆ. ಮುಂದಿನದು ಆತನು ಸಾಯುವ ಅಧ್ಯಾಯ. ನಾಳೆ ನನ್ನ ಬಾಯಿಂದ ಇದನ್ನು ಓದಿದರೆ ಅಲ್ಲಿ ಅವ್ವ ಸತ್ತೇಹೋಗುತ್ತಾಳೆ ಎಂದು ಒಳಗೇ ಹೆದರಿಕೆ ಕೂತುಬಿಟ್ಟಿತು. ಯಾರಿಗೂ ಹೇಳಲಿಲ್ಲ. ಹೇಳಿದರೂ ಆಗಿಬಿಡುತ್ತದೇನೋ ಎಂಬ ಭಯ. ಸಂಜೆ ಅಂಗಡಿಯ ಫೋನಿಗೆ ಅಪ್ಪನ ಸುದ್ದಿ ಬಂತು: ಕಣ್ಣು ತೆರೆಯುತ್ತಿಲ್ಲ, ಉಸಿರಿಗೆ ಮಷಿನ್ ಹಚ್ಚಿದ್ದಾರೆ. ಪಕ್ಕದ ಮನೆಯ ಈರಮ್ಮ ರೊಟ್ಟಿ, ಪುಂಡಿಪಲ್ಯ ತಂದಿಟ್ಟಳು.

ಮಾರನೆಯ ಬೆಳಿಗ್ಗೆ ಹಿಂದಿನ ದಿನದ ಅಧ್ಯಾಯವನ್ನೇ ಮತ್ತೆ ಓದಲು ಶುರುಮಾಡಿದೆ.

"ಇದು ನಿನ್ನಿ ಆತಲ್ಲ ಯವ್ವಾ?" ಎಂದಳು ಅಜ್ಜಿ.

ನಾನು ಅತ್ತುಬಿಟ್ಟೆ. "ಮುಂದಿಂದು ಓದಂಗಿಲ್ಲ ಅಜ್ಜಿ. ಅದ್ರಾಗ ಸಾಯ್ತಾನ. ಅವ್ವನೂ..."

ಅಜ್ಜಿ ಬೈಯಲಿಲ್ಲ. ನನ್ನ ಪಾದ ಹಿಡಿದುಕೊಂಡಳು. "ನನಗೂ ಅಂಜಿಕಿ ಐತಿ. ಆದ್ರ ನೀ ಇಲ್ಲೇ ನಿಂತ್ರ ಆತನ್ನ ಹಿಡದವರ ಕೈಯಾಗ ಬಿಟ್ಟಂಗ ಆತಲ್ಲ. ಆತ ಸತ್ತು ಎದ್ದು ಬರೋದು ಅದರ ಮುಂದಿನ ಅಧ್ಯಾಯದಾಗೈತಿ. ಇವತ್ತ ಎರಡೂ ಓದು."

ಓದಿದೆ. ಮಧ್ಯಾಹ್ನವೇ ಕತ್ತಲಾಗುವ ಮಾತು ಬಂದಾಗ ಬಾಗಿಲಲ್ಲಿ ಈರಮ್ಮ ನಿಂತಿದ್ದಳು.

"ದೊಡ್ಡವ್ವಾ, ಅಂಗಡಿಗೆ ನಿನ್ ಮಗಂದು ಫೋನು. ಕರಕೊಂಡು ಬಾ, ಮತ್ತ ಮಾಡ್ತೀನಿ ಅಂದಾನಂತ. ಏನಂತ ಹೇಳಿಲ್ಲ."

ಅಜ್ಜಿ ಕೈ ಎತ್ತಿ, "ಮುಗಿಸಿ ಬರ್ತೀವಿ, ಕುಂದ್ರು," ಎಂದಳು. ಈರಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡು ಹೊಸ್ತಿಲ ಮೇಲೆ ಕೂತಳು. ಅಕ್ಷರಗಳು ನೀರಿನಲ್ಲಿ ತೇಲಿದಂತೆ ಕಾಣುತ್ತಿದ್ದವು. ಆತನು ಸತ್ತನು ಎಂದು ನಾನೇ ಓದಿದೆ. ಸಮಾಧಿಗೆ ಇಟ್ಟರೆಂದು ಓದಿದೆ. ನಿಲ್ಲಲು ನೋಡಿದರೆ ಅಜ್ಜಿ ಪಾದ ಒತ್ತಿದಳು. ಹಾಳೆ ತಿರುವಿದೆ. ಹೆಂಗಸರು ಬೆಳಗಿನ ಜಾವ ಹೋದರು, ಕಲ್ಲು ಉರುಳಿತ್ತು, ಒಳಗೆ ಆತನಿರಲಿಲ್ಲ.

ಅಂಗಡಿಯಲ್ಲಿ ಅಜ್ಜಿ ಫೋನು ಕಿವಿಗೆ ಹಿಡಿದು ಅಪ್ಪನ ಮಾತು ಕೇಳಿಸಿಕೊಂಡಳು. ನಾನು ಅವಳ ಸೆರಗು ಹಿಡಿದಿದ್ದೆ. ಆಮೇಲೆ ಅಂದಳು: "ಕಣ್ಣು ತೆರದಾಳಂತ. ನಿಮ್ಮಪ್ಪನ ಕೈ ಹಿಡದಾಳಂತ."

ಈರಮ್ಮ ಕಣ್ಣು ಒರೆಸಿಕೊಂಡಳು. "ಹಂಗಾದ್ರ ಈಗರ ಚಾ ಕುಡೀರಿ. ನಿಮ್ಮ ಪುಸ್ತಕ ಮುಗಿಯೂದ್ರಾಗ ಅದು ಕಷಾಯ ಆಗೇತಿ."

ನಾನು ಓದಿದ್ದಕ್ಕೇ ಅವ್ವ ಉಳಿದಳು ಎಂದು ಹೇಳುವುದಿಲ್ಲ. ಡಾಕ್ಟರರ ಸೂಜಿಯೂ ದೇವರ ದಯೆಯೇ. ಆದರೆ ಅಂಜಿಕೆಯನ್ನು ಹಾದುಹೋಗುವುದನ್ನು ನಾನು ಕಲಿತದ್ದು ಆ ಚಾಪೆಯ ಮೇಲೆ. ಆಮೇಲೆ ನನಗೊಬ್ಬ ತಂಗಿ ಹುಟ್ಟಿದಳು, ಅದೂ ಒಂದು ದಯೆ. ಅವ್ವ ಈಗ ಕುರುಗೋಡಿನಲ್ಲಿ ತಂಗಿಯ ಮನೆಯಲ್ಲಿದ್ದಾಳೆ.

ನಾನೀಗ ಇರುವ ಗಾಂಧಿನಗರದಲ್ಲಿ ಗ್ಯಾಸಿನ ಮೇಲೆ ಚಾ ಬೇಗ ಆಗುತ್ತದೆ. ಫೋನಿಗೆ ದಿನಾ ಒಂದು ಬೈಬಲ್ ವಚನ ಬರುತ್ತದೆ, ಹಿಂದೆ ಹೂವಿನ ಚಿತ್ರ. ಎಲ್ಲವೂ ಸಿಹಿ ಮಾತುಗಳೇ. ಹೆದರಿಸುವ ಅಧ್ಯಾಯ ಯಾರ ಪಾಲಿಗೂ ಬರುವುದಿಲ್ಲ. ನನ್ನ ಮಗಳು ನೋಡಿ, ಬೆರಳಿನಿಂದ ಸರಿಸಿ ಕಾಲೇಜಿಗೆ ಹೊರಡುತ್ತಾಳೆ.

ಹಳೆಯ ಬೈಬಲ್ ನನ್ನ ಹತ್ತಿರವಿದೆ, ತುಕ್ಕು ಹಿಡಿದ ಪಿನ್ನೂ ಇದೆ. ಮನಸ್ಸು ಅಳುಕಿದ ಬೆಳಿಗ್ಗೆ ಒಬ್ಬಳೇ ತೆರೆದು ಕೂರುತ್ತೇನೆ. ಕಷ್ಟದ ಹಾಳೆ ಬಂದರೆ ಈಗಲೂ ಸ್ವರ ನಿಲ್ಲುತ್ತದೆ. ಪಾದ ಒತ್ತುವ ಕೈ ಇಲ್ಲ. ನಾನೇ ಬೆರಳಿಟ್ಟು ಹಾಳೆ ತಿರುವುತ್ತೇನೆ.